ಕಡಿಮೆ ವಿದ್ಯುತ್ತಿನ ಅವಕೆಂಪು ದತ್ತಾಂಶ ಕೊಂಡಿ: ಕಿರು ಉಪಕರಣ ತಯಾರಕರಿಗೊಂದು ಪಾಠ

ಕಾರ್ಖಾನೆಯ ಗೋಡೆಯ ಮೇಲಿರುವ ಎಲೆಕ್ಟ್ರಾನಿಕ್ ಟ್ರೈವೆಕ್ಟರ್ ಮೀಟರನ್ನು ಸಮೀಪದಿಂದ ನೋಡಿದವರಿಗೆ ಅದರ ಮುಖದಲ್ಲಿ ದುಂಡಗಿನ ಒಂದು ಪುಟ್ಟ ಜಾಗವೂ ಅದರ ನಡುವೆ ಎರಡು ಕಪ್ಪು ಕಣ್ಣುಗಳೂ ಕಾಣುತ್ತವೆ. ಮೀಟರ್ ಓದಲು ಬಂದ ಸಿಬ್ಬಂದಿ ತಮ್ಮ ಉಪಕರಣದ ತಲೆಯನ್ನು ಅಲ್ಲಿಗೆ ಹಿಡಿದೊಡನೆ ಅದು ಅಯಸ್ಕಾಂತದ ಬಲದಿಂದ ಕಚ್ಚಿಕೊಳ್ಳುತ್ತದೆ. ಕೆಲವು ನಿಮಿಷಗಳಲ್ಲಿ ತಿಂಗಳ ಬಳಕೆಯ ಲೆಕ್ಕವೆಲ್ಲ ಉಪಕರಣಕ್ಕೆ ಇಳಿಯುತ್ತದೆ. ತಂತಿ ಇಲ್ಲ, ತೂತು ಇಲ್ಲ, ಮೀಟರಿನ ಮುದ್ರೆಯನ್ನು ಒಡೆಯುವ ಅಗತ್ಯವೂ ಇಲ್ಲ. ಒಂದು ಕಣ್ಣು ಅವಕೆಂಪು ಬೆಳಕನ್ನು ಸೂಸುತ್ತದೆ, ಇನ್ನೊಂದು ಕಣ್ಣು ಆ ಬೆಳಕನ್ನು ಗ್ರಹಿಸುತ್ತದೆ. ಇನ್ಫ್ರಾರೆಡ್ ಎಂದು ವ್ಯವಹಾರದಲ್ಲಿ ಕರೆಯುವ ಈ ಕಾಣದ ಬೆಳಕನ್ನು ವಿಲಿಯಂ ಹರ್ಷೆಲ್ 1800ರಲ್ಲಿ ಉಷ್ಣಮಾಪಕಗಳ ನೆರವಿನಿಂದ ಗುರುತಿಸಿದನು.

ಈ ದ್ವಾರದ ಹಿಂದೆ ವಾಣಿಜ್ಯಲೋಕ ನೆನಪಿಡಬೇಕಾದ ಒಂದು ಸಂಗತಿ ಇದೆ. ಮೀಟರ್ ತಯಾರಿಕೆಯಲ್ಲಿ ಪ್ರತಿಸ್ಪರ್ಧಿಗಳಾಗಿದ್ದ ಫೆರಾಂಟಿ ಮತ್ತು ಲ್ಯಾಂಡಿಸ್ ಅಂಡ್ ಗೀರ್ ಕಂಪನಿಗಳು ಒಂದೇ ಬಗೆಯ ದ್ವಾರಕ್ಕೆ ಒಪ್ಪಿಕೊಂಡವು. ಅವೆರಡರ ಹೆಸರಿನ ಮೊದಲಕ್ಷರಗಳಿಂದಲೇ ಅದಕ್ಕೆ ‘ಫ್ಲ್ಯಾಗ್’ ಎಂಬ ಹೆಸರು ಬಂದಿತು. ಅದೇ ಮುಂದೆ ಅಂತರರಾಷ್ಟ್ರೀಯ ಮಾನಕವಾಗಿ, 2002ರಲ್ಲಿ ಐ.ಇ.ಸಿ. 62056-21 ಎಂಬ ಸಂಖ್ಯೆಯನ್ನು ಪಡೆಯಿತು. ಭಾರತದಲ್ಲಿ ಮೀಟರುಗಳ ದತ್ತಾಂಶ ವಿನಿಮಯಕ್ಕೆ ಐ.ಎಸ್. 15959 ಮಾನಕವು 2011ರಲ್ಲಿ ಪ್ರಕಟವಾಯಿತು.

ಮೀಟರಿಗೆ ವಿದ್ಯುತ್ತಿನ ಕೊರತೆ ಇಲ್ಲ. ಅದು ಸದಾ ವಿದ್ಯುತ್ ಮಾರ್ಗದಲ್ಲೇ ಇರುತ್ತದೆ. ಆದರೆ ಇಂಥದೇ ಕೊಂಡಿಯನ್ನು ಒಂದು ಬಟನ್ ಸೆಲ್ಲಿನ ಮೇಲೆ ವರ್ಷಗಟ್ಟಲೆ ಬಾಳಬೇಕಾದ ಪುಟ್ಟ ಉಪಕರಣದಲ್ಲಿ ಅಳವಡಿಸುವುದು ಹೇಗೆ? ಈ ಪಾಠದ ವಿಷಯ ಇದೇ.

ಉದಾಹರಣೆಯ ಉಪಕರಣ

ಶೀತಲಗೃಹದ ಉಷ್ಣತೆಯನ್ನು ದಾಖಲಿಸುವ ಒಂದು ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬ್ಯಾಡಗಿಯ ಮೆಣಸಿನಕಾಯಿ ದಾಸ್ತಾನು, ಮಂಗಳೂರಿನಿಂದ ಹೊರಡುವ ಹೆಪ್ಪುಗಟ್ಟಿಸಿದ ಮೀನು, 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕಾದ ಲಸಿಕೆ, ಇವೆಲ್ಲವುಗಳ ವ್ಯವಹಾರದಲ್ಲಿಯೂ ಸರಕು ಕೆಟ್ಟಾಗ ಏಳುವ ಮೊದಲ ಪ್ರಶ್ನೆ, ತಪ್ಪು ಯಾರದು ಎಂಬುದು. ಗೋದಾಮಿನವರು ಸಾಗಣೆಯವರತ್ತ, ಸಾಗಣೆಯವರು ಗೋದಾಮಿನವರತ್ತ ಬೆರಳು ತೋರಿಸುತ್ತಾರೆ. ಅಂಥ ಸಂದರ್ಭದಲ್ಲಿ ಸರಕಿನ ಜೊತೆಗೇ ಇದ್ದ ಪೆಟ್ಟಿಗೆಯ ದಾಖಲೆಯೇ ಸಾಕ್ಷಿ. ಅದರ ಬ್ಯಾಟರಿ ನಡುವೆಯೇ ಮುಗಿದುಹೋಗಿದ್ದರೆ ಸಾಕ್ಷಿಯೂ ಇಲ್ಲ, ಪರಿಹಾರವೂ ಇಲ್ಲ. ಪೆಟ್ಟಿಗೆ ತಯಾರಿಸಿದವನ ಹೆಸರೂ ಅಲ್ಲಿಗೆ ಕೆಡುತ್ತದೆ.

ಈ ಪೆಟ್ಟಿಗೆ ನೀರಿಗೂ ಮಂಜಿಗೂ ಜಗ್ಗದಂತೆ ಪೂರ್ತಿಯಾಗಿ ಮುಚ್ಚಿರಬೇಕು. ಹೊರಗೆ ಸಾಕೆಟ್ ಇಟ್ಟರೆ ತೇವ ಒಳನುಗ್ಗುತ್ತದೆ, ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಹೀಗಾಗಿ ಬೆಳಕಿನ ಕೊಂಡಿ ಸೂಕ್ತ. ರೇಡಿಯೊ ಕೊಂಡಿಯನ್ನೂ ಬಳಸಬಹುದು. ಆದರೆ ಪರವಾನಗಿ ಬೇಡದ ತರಂಗಪಟ್ಟಿಯಲ್ಲಿ ಕೆಲಸ ಮಾಡುವ ರೇಡಿಯೊ ಉಪಕರಣಕ್ಕೂ ಭಾರತದಲ್ಲಿ ಇ.ಟಿ.ಎ. ಎಂಬ ಮಾದರಿ ಅನುಮೋದನೆ ಬೇಕಾಗುತ್ತದೆ. ಅವಕೆಂಪು ಬೆಳಕಿಗೆ ಅದು ಅನ್ವಯಿಸುವುದಿಲ್ಲ. ಮೇಲಾಗಿ, ನೂರು ಪೆಟ್ಟಿಗೆಗಳು ಒಂದೆಡೆ ಇದ್ದರೂ ಓದುವ ತಲೆ ಯಾವುದರ ಎದುರಿಗಿದೆಯೋ ಅದು ಮಾತ್ರ ಉತ್ತರಿಸುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಕೆಳಗಿನ ಅಂಶಗಳನ್ನು ಇಟ್ಟುಕೊಳ್ಳೋಣ:

1. ಬ್ಯಾಟರಿ: ಸಿ.ಆರ್. 2032 ಬಟನ್ ಸೆಲ್, 3 ವೋಲ್ಟ್, ಸುಮಾರು 220 ಮಿಲಿಆಂಪಿಯರ್-ಗಂಟೆ.
2. ದಾಖಲೆ: 15 ನಿಮಿಷಕ್ಕೊಮ್ಮೆ ಒಂದು ಅಳತೆ, ಪ್ರತಿ ಅಳತೆಗೆ 2 ಬೈಟ್. ದಿನಕ್ಕೆ 96 ಅಳತೆ. 30 ದಿನಕ್ಕೆ 2,880 ಅಳತೆ, ಅಂದರೆ 5,760 ಬೈಟ್.
3. ಓದುವಿಕೆ: ತಿಂಗಳಿಗೊಮ್ಮೆ.

ಮೂರು ಬಗೆಯ ಕೊಂಡಿಗಳು

ಮೊದಲನೆಯದು ಟಿ.ವಿ. ರಿಮೋಟಿನ ಬಗೆ. ಇಲ್ಲಿ ಎಲ್.ಇ.ಡಿ.ಯನ್ನು ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗಿಸಿ, ಆ ಮಿನುಗುವಿಕೆಯನ್ನು ತಡೆತಡೆದು ಬಿಟ್ಟು ಸಂದೇಶ ಕಳುಹಿಸಲಾಗುತ್ತದೆ. ಮೂರು ಕಾಲಿನ ಸಿದ್ಧ ರಿಸೀವರ್ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಹಲವು ಮೀಟರ್ ದೂರ ತಲುಪುವುದು ಇದರ ಗುಣ. ವೇಗ ಕಡಿಮೆ ಎಂಬುದು ಮಿತಿ. 1,200 ಬಾಡ್ ವೇಗದಲ್ಲಿ ಒಂದು ಬಿಟ್ಟಿಗೆ 38 ಕಿಲೋಹರ್ಟ್ಸಿನ ಸುಮಾರು 32 ಮಿನುಗುಗಳಷ್ಟೇ ಸಿಗುತ್ತವೆ. ಅಲ್ಲದೆ, ಈ ರಿಸೀವರುಗಳಲ್ಲಿ ಹಲವು ಬಿಡುವಿಲ್ಲದೆ ಬರುವ ಸಂಕೇತವನ್ನು ಟ್ಯೂಬ್‌ಲೈಟಿನ ಗದ್ದಲವೆಂದು ಭಾವಿಸಿ ತಮ್ಮ ಸೂಕ್ಷ್ಮತೆಯನ್ನು ತಗ್ಗಿಸಿಕೊಳ್ಳುತ್ತವೆ. ರಿಮೋಟಿನ ಗುಂಡಿ ಒತ್ತುವಿಕೆಗೆಂದು ಮಾಡಿದ ರಿಸೀವರನ್ನು ದತ್ತಾಂಶಕ್ಕೆ ಬಳಸುವ ಮೊದಲು ಅದರ ಮಾಹಿತಿಪತ್ರದಲ್ಲಿ, ಎಷ್ಟು ಮಿನುಗಿನ ಬಳಿಕ ಎಷ್ಟು ಬಿಡುವು ಬೇಕೆಂಬುದನ್ನು ಓದಿ ನೋಡಬೇಕು.

ಎರಡನೆಯದು ಐ.ಆರ್.ಡಿ.ಎ. ಬಗೆ. 1993ರಲ್ಲಿ ರಚನೆಯಾದ ಸಂಘವೊಂದು ಇದರ ನಿಯಮಗಳನ್ನು ರೂಪಿಸಿತು. ಸೊನ್ನೆ ಬಿಟ್ಟಿಗೆ ಒಂದು ಕಿರಿದಾದ ಬೆಳಕಿನ ಮಿಡಿತ, ಒಂದರ ಬಿಟ್ಟಿಗೆ ಕತ್ತಲೆ. ಇದೇ ಅದರ ಸಾರ. ಮಿಡಿತದ ಅಗಲ ಬಿಟ್ಟಿನ ಅವಧಿಯ 16ರಲ್ಲಿ 3 ಪಾಲು ಇರಬಹುದು, ಅಥವಾ ವೇಗ ಎಷ್ಟೇ ಇದ್ದರೂ ಸುಮಾರು 1.6 ಮೈಕ್ರೊಸೆಕೆಂಡ್ ಮಾತ್ರ ಇರಬಹುದು. ಸಾಮಾನ್ಯ ದೂರ 1 ಮೀಟರ್. ಕಡಿಮೆ ವಿದ್ಯುತ್ತಿನ ಬಗೆಯಲ್ಲಿ 20 ಸೆಂಟಿಮೀಟರ್.

ಮೂರನೆಯದು ಮೀಟರಿನಂತೆ ತಾಗಿಸಿ ಓದುವ ಬಗೆ. ಇಲ್ಲಿ ಮಿನುಗುವಿಕೆಯಿಲ್ಲ. ಬಿಟ್ಟಿನ ಪೂರ್ತಿ ಅವಧಿ ಎಲ್.ಇ.ಡಿ. ಉರಿಯುತ್ತದೆ ಇಲ್ಲವೇ ಆರಿರುತ್ತದೆ. ತಲೆ ಮೈಗೆ ಅಂಟಿಕೊಂಡಿರುವುದರಿಂದ ಹೊರಗಿನ ಬೆಳಕು ನುಸುಳದು.

ದೂರದ ವಿಷಯದಲ್ಲಿ ಒಂದು ನಿಯಮವನ್ನು ಮರೆಯಬಾರದು. ದೂರ ಎರಡರಷ್ಟಾದರೆ ಬೇಕಾಗುವ ಬೆಳಕು ನಾಲ್ಕರಷ್ಟು. ಪೆಟ್ಟಿಗೆಯ ಮುಂದೆ ನಿಂತೇ ಓದುವುದಾದರೆ, ಹತ್ತು ಮೀಟರ್ ದೂರದ ಶಕ್ತಿಗೆ ಬೆಲೆ ತೆರುವುದು ವ್ಯರ್ಥ.

ವಿದ್ಯುತ್ತಿನ ಜಮಾಖರ್ಚು

ವ್ಯಾಪಾರಿಗೆ ಖಾತೆ ಪುಸ್ತಕ ಹೇಗೋ ಬ್ಯಾಟರಿಯ ಉಪಕರಣಕ್ಕೆ ವಿದ್ಯುತ್ತಿನ ಲೆಕ್ಕ ಹಾಗೆ. ಜಮಾ ಕಡೆ 220 ಮಿಲಿಆಂಪಿಯರ್-ಗಂಟೆ. ಖರ್ಚಿನ ಕಡೆ ವರ್ಷದ 8,760 ಗಂಟೆಗಳಿಗೆ ಈ ಬಾಬುಗಳು ಬರುತ್ತವೆ:

1. ಮೈಕ್ರೊಕಂಟ್ರೋಲರ್ ಗಡಿಯಾರವನ್ನು ನಡೆಸುತ್ತ ನಿದ್ರಿಸುವಾಗ ಸುಮಾರು 1 ಮೈಕ್ರೊಆಂಪಿಯರ್: ವರ್ಷಕ್ಕೆ 8.8 ಮಿಲಿಆಂಪಿಯರ್-ಗಂಟೆ.
2. ಅಳತೆ: ವರ್ಷಕ್ಕೆ 35,040 ಬಾರಿ, ಪ್ರತಿ ಬಾರಿ 10 ಮಿಲಿಸೆಕೆಂಡ್, 1 ಮಿಲಿಆಂಪಿಯರ್: ಕೇವಲ 0.1.
3. ಸೆಲ್ ತನ್ನಷ್ಟಕ್ಕೆ ತಾನೇ ಕಳೆದುಕೊಳ್ಳುವುದು, ವರ್ಷಕ್ಕೆ ಶೇಕಡ 1ರಂತೆ: ಸುಮಾರು 2.
4. ದತ್ತಾಂಶ ಕಳುಹಿಸುವುದು, ರಿಮೋಟಿನ ಬಗೆಯಲ್ಲಿ 1,200 ಬಾಡ್ ವೇಗ, 50 ಮಿಲಿಆಂಪಿಯರ್: ತಿಂಗಳಿಗೆ 48 ಸೆಕೆಂಡಿನ ಪ್ರಸಾರದಲ್ಲಿ ಎಲ್.ಇ.ಡಿ. ನಿಜವಾಗಿ ಉರಿಯುವುದು ಸುಮಾರು 12 ಸೆಕೆಂಡ್. ವರ್ಷಕ್ಕೆ 2.
5. ಕರೆ ಬಂದೀತೆಂದು ಸದಾ ಕಾಯುವ ರಿಸೀವರ್, ಸುಮಾರು 0.4 ಮಿಲಿಆಂಪಿಯರ್: ವರ್ಷಕ್ಕೆ 3,504.

ಮೊದಲ ನಾಲ್ಕು ಬಾಬುಗಳ ಮೊತ್ತ ಸುಮಾರು 13. ಐದನೆಯದೊಂದೇ ಮೂರೂವರೆ ಸಾವಿರ. ಬೇರೆ ಯಾವ ಖರ್ಚೂ ಇಲ್ಲವೆಂದುಕೊಂಡರೂ ಸದಾ ಎಚ್ಚರವಾಗಿರುವ ಈ ರಿಸೀವರ್ 550 ಗಂಟೆಗಳಲ್ಲಿ, ಅಂದರೆ 23 ದಿನಗಳಲ್ಲಿ ಹೊಸ ಸೆಲ್ಲನ್ನು ಬರಿದು ಮಾಡುತ್ತದೆ. ಮೊದಲ ತಿಂಗಳ ಓದುವಿಕೆಗೂ ಪೆಟ್ಟಿಗೆ ಬದುಕಿರುವುದಿಲ್ಲ. ಐ.ಆರ್.ಡಿ.ಎ. ಬಗೆಯ ಸಿದ್ಧ ಘಟಕ ಕಾಯುವಾಗ ಸುಮಾರು 70 ಮೈಕ್ರೊಆಂಪಿಯರ್ ತೆಗೆದುಕೊಂಡರೂ ಸೆಲ್ ನಾಲ್ಕು ತಿಂಗಳಿಗಿಂತ ಸ್ವಲ್ಪ ಹೆಚ್ಚು ಬಾಳೀತಷ್ಟೆ.

ಇಡೀ ಪಾಠದ ತಿರುಳು ಇಲ್ಲಿದೆ. ಅವಕೆಂಪು ಕೊಂಡಿಯಲ್ಲಿ ವಿದ್ಯುತ್ತನ್ನು ತಿನ್ನುವುದು ಮಾತನಾಡುವ ಕೆಲಸವಲ್ಲ, ಕಿವಿಗೊಟ್ಟು ಕಾಯುವ ಕೆಲಸ. ವಿನ್ಯಾಸಕಾರರು ಸಾಮಾನ್ಯವಾಗಿ ಕಣ್ಣಿಗೆ ದೊಡ್ಡದಾಗಿ ಕಾಣುವ ಎಲ್.ಇ.ಡಿ. ಪ್ರವಾಹವನ್ನು ಇಳಿಸಲು ಶ್ರಮಿಸುತ್ತಾರೆ. ಅದು 50 ಮಿಲಿಆಂಪಿಯರ್ ಎಂಬುದು ನಿಜ, ಆದರೆ ತಿಂಗಳಿಗೆ 12 ಸೆಕೆಂಡ್ ಮಾತ್ರ. ರಿಸೀವರಿನದು ಅದರ ನೂರರಲ್ಲೊಂದು ಪಾಲೂ ಅಲ್ಲ, ಆದರೆ ಹಗಲಿರುಳೂ ಹರಿಯುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಎಷ್ಟು ನಿಜವೋ ಸೋರಿಕೆಗೂ ಅಷ್ಟೇ ನಿಜ.

ಕಾಯುವ ಖರ್ಚನ್ನು ಇಳಿಸುವ ಮಾರ್ಗಗಳು

ಮೊದಲ ಮಾರ್ಗ, ಆಗಾಗ ಕಿವಿಗೊಡುವುದು. ಪ್ರತಿ 4 ಸೆಕೆಂಡಿಗೊಮ್ಮೆ 20 ಮಿಲಿಸೆಕೆಂಡ್ ಮಾತ್ರ ರಿಸೀವರಿಗೆ ವಿದ್ಯುತ್ ಕೊಟ್ಟರೆ ಸರಾಸರಿ ಪ್ರವಾಹ 2 ಮೈಕ್ರೊಆಂಪಿಯರಿಗೆ ಇಳಿಯುತ್ತದೆ, ವರ್ಷಕ್ಕೆ 17.5 ಮಿಲಿಆಂಪಿಯರ್-ಗಂಟೆ. ಮೈಕ್ರೊಕಂಟ್ರೋಲರಿನ ಒಂದು ಕಾಲಿನಿಂದಲೇ ರಿಸೀವರಿಗೆ ವಿದ್ಯುತ್ ಕೊಡಬಹುದು. ಓದುವವನು 4 ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಎಡೆಬಿಡದೆ ಕರೆಯುತ್ತಿರಬೇಕಾಗುತ್ತದೆ. ಗಟ್ಟಿ ಕರೆಯನ್ನು ಓದುವ ಉಪಕರಣವೇ ಮಾಡುವುದರಿಂದ ಅದರ ಹೊರೆ ಪೆಟ್ಟಿಗೆಯ ಮೇಲೆ ಬೀಳುವುದಿಲ್ಲ.

ಎರಡನೆಯ ಮಾರ್ಗ, ಅಯಸ್ಕಾಂತ. ಪೆಟ್ಟಿಗೆಯ ಒಳಗೆ ಒಂದು ರೀಡ್ ಸ್ವಿಚ್, ಓದುವ ತಲೆಯಲ್ಲಿ ಒಂದು ಅಯಸ್ಕಾಂತ. ತಲೆ ತಾಗಿದೊಡನೆ ಸ್ವಿಚ್ ಮುಚ್ಚಿ ಮೈಕ್ರೊಕಂಟ್ರೋಲರನ್ನು ಎಬ್ಬಿಸುತ್ತದೆ. ಕಾಯುವ ಖರ್ಚು ಸೊನ್ನೆ. ತಲೆಯನ್ನು ಹಿಡಿದಿಡುವ ಕೆಲಸವೂ ಅದೇ ಅಯಸ್ಕಾಂತದಿಂದ ಆಗುತ್ತದೆ. ಆದರೆ ಪೆಟ್ಟಿಗೆಯನ್ನು ಯಾರಾದರೂ ಅಯಸ್ಕಾಂತವಿರುವ ಬಾಗಿಲಿಗೆ ಒರಗಿಸಿಟ್ಟರೆ ಸ್ವಿಚ್ ಮುಚ್ಚಿಯೇ ಉಳಿಯುತ್ತದೆ. ಆದ್ದರಿಂದ ಸ್ವಿಚ್ ಮುಚ್ಚಿದ ಕ್ಷಣಕ್ಕೆ ಮಾತ್ರ ಎಚ್ಚರಗೊಂಡು, ಕೆಲವು ಸೆಕೆಂಡುಗಳಲ್ಲಿ ಸರಿಯಾದ ಕರೆ ಬರದಿದ್ದರೆ ಮತ್ತೆ ನಿದ್ರೆಗೆ ಜಾರುವಂತೆ ಪ್ರೋಗ್ರಾಮ್ ಬರೆಯಬೇಕು. ಸ್ವಿಚ್ಚಿಗೆ ಸೇರಿದ ರೆಸಿಸ್ಟರಿನ ಬೆಲೆಯನ್ನೂ ಮೆಗಾಓಮ್‌ಗಳಲ್ಲಿ ಇಡಬೇಕು, ಇಲ್ಲವೇ ಎಚ್ಚರವಾದೊಡನೆ ಅದರ ವಿದ್ಯುತ್ತನ್ನು ಕಡಿಯಬೇಕು.

ಮೂರನೆಯ ಮಾರ್ಗ, ಒಂದು ಫೋಟೊಟ್ರಾನ್ಸಿಸ್ಟರ್ ಮತ್ತು 1 ಮೆಗಾಓಮ್ ರೆಸಿಸ್ಟರ್. ಕತ್ತಲಲ್ಲಿ ಇದು ತೆಗೆದುಕೊಳ್ಳುವ ಪ್ರವಾಹ ಗಣನೆಗೆ ಬಾರದಷ್ಟು; ಪ್ರಖರ ಬೆಳಕಿನಲ್ಲಿಯೂ 3 ಮೈಕ್ರೊಆಂಪಿಯರನ್ನು ಮೀರದು. ಇಷ್ಟು ದೊಡ್ಡ ರೆಸಿಸ್ಟರಿನೊಡನೆ ಅದು ನಿಧಾನವಾಗಿ ಕೆಲಸ ಮಾಡುತ್ತದೆ. ಎಚ್ಚರಿಸಲು ಸಾಕು, ದತ್ತಾಂಶ ಪಡೆಯಲು ಸಾಲದು. ಎಚ್ಚರವಾದ ಮೇಲೆ 10 ಕಿಲೋಓಮ್ ರೆಸಿಸ್ಟರೊಂದನ್ನು ಪಕ್ಕಕ್ಕೆ ಜೋಡಿಸಿದರೆ ವೇಗ ಬರುತ್ತದೆ. ಎಲ್.ಇ.ಡಿ.ಯೇ ಬೆಳಕನ್ನು ಗ್ರಹಿಸಬಲ್ಲುದೆಂಬುದನ್ನೂ ಇಲ್ಲಿ ಹೇಳಬೇಕು. ಒಂದೇ ಎಲ್.ಇ.ಡಿ.ಯಿಂದ ಮಾತನ್ನೂ ಆಲಿಕೆಯನ್ನೂ ಸಾಧಿಸುವ ವಿಧಾನವನ್ನು ಅಮೆರಿಕದ ಮಿತ್ಸುಬಿಷಿ ಸಂಶೋಧನಾಲಯದವರು 2003ರಲ್ಲಿ ವಿವರವಾಗಿ ಪ್ರಕಟಿಸಿದ್ದರು.

ಈ ಮೂರನೆಯ ಮಾರ್ಗದಲ್ಲಿ ಒಂದು ಗುಂಡಿ ಅಡಗಿದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಪ್ರತಿ ಮಿನುಗಿಗೂ ಪೆಟ್ಟಿಗೆ ಎಚ್ಚರಗೊಂಡು 5 ಮಿಲಿಸೆಕೆಂಡ್ ಪರಿಶೀಲಿಸಿದರೆ ಅದು ಅರ್ಧ ಕಾಲ ಎಚ್ಚರವಾಗಿಯೇ ಇದ್ದಂತಾಯಿತು. 1 ಮಿಲಿಆಂಪಿಯರಿನ ಅರ್ಧ, ಅಂದರೆ 0.5 ಮಿಲಿಆಂಪಿಯರ್ ಸೋರುತ್ತದೆ. ಸದಾ ತೆರೆದ ರಿಸೀವರಿಗಿಂತಲೂ ಇದು ಹೆಚ್ಚು. ಕತ್ತಲೆಯ ಪ್ರಯೋಗಮೇಜಿನ ಮೇಲೆ ಪರೀಕ್ಷೆಯಲ್ಲಿ ಗೆದ್ದ ಪೆಟ್ಟಿಗೆ, ದೀಪ ಉರಿಯುವ ಗೋದಾಮಿನಲ್ಲಿ ಸಾಯುವುದು ಹೀಗೆ. ಪರಿಹಾರ ಸರಳವಾಗಿದೆ. ಒಮ್ಮೆ ಸುಳ್ಳು ಕರೆಗೆ ಎಚ್ಚರವಾದರೆ ಮುಂದಿನ 4 ಸೆಕೆಂಡ್ ಕಿವಿ ಮುಚ್ಚಿಕೊಂಡಿರಬೇಕು. ಆಗ ಸರಾಸರಿ 1.25 ಮೈಕ್ರೊಆಂಪಿಯರಿಗೆ ಇಳಿಯುತ್ತದೆ.

ಹೇಳುವ ಮಾತು ಚುಟುಕಾಗಿರಲಿ

ಕಳುಹಿಸುವ ಖರ್ಚು ವರ್ಷದ ಲೆಕ್ಕದಲ್ಲಿ ಅಲ್ಪವಾದರೂ ಬೇರೊಂದು ಕಾರಣಕ್ಕೆ ಅದರತ್ತ ಗಮನ ಹರಿಸಬೇಕು. ಬಟನ್ ಸೆಲ್ ಎಂಬುದು ಆಸ್ತಿಯಿದ್ದರೂ ಕೈಯಲ್ಲಿ ರೊಕ್ಕವಿಲ್ಲದ ವ್ಯಾಪಾರಿಯಂತೆ. ವರ್ಷಗಟ್ಟಲೆ ಮೈಕ್ರೊಆಂಪಿಯರುಗಳನ್ನು ಕೊಡಬಲ್ಲುದು. ಒಮ್ಮೆಗೇ ಹತ್ತಾರು ಮಿಲಿಆಂಪಿಯರ್ ಕೇಳಿದರೆ ಕುಸಿಯುತ್ತದೆ. ಅದರ ಒಳರೋಧ 20 ಓಮ್ ಎಂದಿಟ್ಟುಕೊಂಡರೆ, 25 ಮಿಲಿಆಂಪಿಯರ್ ಸರಾಸರಿ ಪ್ರವಾಹಕ್ಕೆ ಅರ್ಧ ವೋಲ್ಟ್ ಇಳಿಯುತ್ತದೆ. ಸೆಲ್ ಹಳತಾದಂತೆ, ಚಳಿ ಏರಿದಂತೆ ಒಳರೋಧ ಇನ್ನೂ ಹೆಚ್ಚುತ್ತದೆ. ವೋಲ್ಟೇಜ್ ಕುಸಿದರೆ ಮೈಕ್ರೊಕಂಟ್ರೋಲರ್ ನಡುವೆಯೇ ಹೊಸದಾಗಿ ಪ್ರಾರಂಭವಾಗುತ್ತದೆ, ಗಡಿಯಾರ ಸೊನ್ನೆಗೆ ಮರಳುತ್ತದೆ.

ಆದ್ದರಿಂದ ಬಟನ್ ಸೆಲ್ಲಿನ ಉಪಕರಣಕ್ಕೆ ಕಿರಿದಾದ ಮಿಡಿತಗಳೇ ಹಿತ. 9,600 ಬಾಡ್ ವೇಗದಲ್ಲಿ 5,760 ಬೈಟ್ 6 ಸೆಕೆಂಡಿನಲ್ಲಿ ಹೋಗುತ್ತವೆ. ಪ್ರತಿ ಬೈಟಿಗೆ ಆರಂಭದ ಬಿಟ್ ಸೇರಿ ಸರಾಸರಿ 5 ಸೊನ್ನೆಗಳು. ಒಟ್ಟು 28,800 ಮಿಡಿತಗಳು. ಮಿಡಿತಕ್ಕೆ 1.6 ಮೈಕ್ರೊಸೆಕೆಂಡಿನಂತೆ ಎಲ್.ಇ.ಡಿ. ಒಟ್ಟು ಉರಿಯುವುದು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿಗಿಂತ ಕಡಿಮೆ. ಮಿಡಿತದ ಪ್ರವಾಹ 100 ಮಿಲಿಆಂಪಿಯರ್ ಇದ್ದರೂ ಸೆಲ್ಲಿನ ಮೇಲಿನ ಸರಾಸರಿ ಹೊರೆ 0.8 ಮಿಲಿಆಂಪಿಯರನ್ನು ದಾಟದು. ಮಿಡಿತದ ಆ ಕ್ಷಣಿಕ ಬೇಡಿಕೆಯನ್ನು ಪೂರೈಸಲು ಎಲ್.ಇ.ಡಿ.ಯ ಪಕ್ಕದಲ್ಲೇ ಒಂದು ಕೆಪಾಸಿಟರ್ ಇರಬೇಕು. 100 ಮೈಕ್ರೊಫ್ಯಾರಡ್ ಇದ್ದರೆ ಒಂದು ಮಿಡಿತಕ್ಕೆ ಇಳಿಯುವುದು 2 ಮಿಲಿವೋಲ್ಟಿಗಿಂತ ಕಡಿಮೆ.

ಕೆಪಾಸಿಟರ್ ಕೊಳ್ಳುವಾಗ ಎಚ್ಚರಿಕೆ ಬೇಕು. ಸಾಧಾರಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಸೋರಿಕೆಯೇ ಕೆಲವು ಮೈಕ್ರೊಆಂಪಿಯರುಗಳಷ್ಟು ಇರಬಹುದು. ನಿದ್ರಿಸುವ ಮೈಕ್ರೊಕಂಟ್ರೋಲರಿಗಿಂತ ಅದೇ ಹೆಚ್ಚು ತಿಂದರೆ ಮಾಡಿದ ಉಳಿತಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಸೋರಿಕೆ ಕಡಿಮೆ ಇರುವ ಸೆರಾಮಿಕ್ ಬಗೆಯನ್ನು ಆರಿಸಬೇಕು, ಅಥವಾ ಮಾತನಾಡುವಾಗ ಮಾತ್ರ ಕೆಪಾಸಿಟರ್ ಜೋಡಣೆಯಾಗುವಂತೆ ಮಾಡಬೇಕು.

ಇಂಥ ಚುಟುಕು ಮಿಡಿತವನ್ನು ಹಿಡಿಯಲು ವೇಗದ ರಿಸೀವರ್ ಬೇಕು. ಅದನ್ನು ಓದುವ ಉಪಕರಣದಲ್ಲಿ ಇಡಬಹುದು. ಅದಕ್ಕೆ ವಿದ್ಯುತ್ತಿನ ಬರವಿಲ್ಲ. ಇತ್ತ ಪೆಟ್ಟಿಗೆಗೆ ಬರುವ ಆದೇಶಗಳು ಹತ್ತಾರು ಬೈಟುಗಳಷ್ಟೆ. ಅವು 1,200 ಬಾಡ್ ವೇಗದಲ್ಲಿ, ಬಿಟ್ಟಿನ ಪೂರ್ತಿ ಅವಧಿಯ ಬೆಳಕಿನಲ್ಲಿ ಬಂದರೆ ಸಾಧಾರಣ ಫೋಟೊಟ್ರಾನ್ಸಿಸ್ಟರಿಗೂ ಎಟುಕುತ್ತವೆ. ಓದುವ ಉಪಕರಣ ಗಟ್ಟಿಯಾಗಿ, ನಿಧಾನವಾಗಿ ಮಾತನಾಡಲಿ. ಪೆಟ್ಟಿಗೆ ಚುಟುಕಾಗಿ, ಬೇಗನೆ ಉತ್ತರಿಸಲಿ. ಎರಡೂ ಕಡೆ ಒಂದೇ ನಿಯಮ ಇರಬೇಕೆಂಬ ಕಟ್ಟುಪಾಡಿಲ್ಲ. ಎಂ.ಎಸ್.ಪಿ. 430 ಕುಟುಂಬದ ಹಲವು ಮೈಕ್ರೊಕಂಟ್ರೋಲರುಗಳಲ್ಲಿ ಐ.ಆರ್.ಡಿ.ಎ. ಮಿಡಿತಗಳನ್ನು ರಚಿಸುವ ಏರ್ಪಾಡು ಸರಣಿ ದ್ವಾರದ ಒಳಗೇ ಅಡಕವಾಗಿದೆ.

ದಾಖಲೆಯ ಪ್ರಾಮಾಣಿಕತೆ

ಸಾಕ್ಷಿಯಾಗಬೇಕಾದ ದತ್ತಾಂಶದಲ್ಲಿ ಒಂದು ಬಿಟ್ ತಪ್ಪಿದರೂ 4 ಡಿಗ್ರಿ 20 ಡಿಗ್ರಿಯಾಗಬಹುದು. ದತ್ತಾಂಶವನ್ನು 64 ಬೈಟುಗಳ ಕಟ್ಟುಗಳಾಗಿ ಒಡೆದರೆ ತಿಂಗಳ ದಾಖಲೆ 90 ಕಟ್ಟುಗಳಾಗುತ್ತದೆ. ಪ್ರತಿ ಕಟ್ಟಿಗೂ ಕ್ರಮಸಂಖ್ಯೆ, ಉದ್ದ ಮತ್ತು ಕೊನೆಯಲ್ಲಿ 16 ಬಿಟ್ಟಿನ ಸಿ.ಆರ್.ಸಿ. ತಾಳೆಸಂಖ್ಯೆ ಇರಬೇಕು. ತಾಳೆಯಾಗದ ಕಟ್ಟನ್ನು ಮಾತ್ರ ಮತ್ತೆ ಕೇಳಿ ಪಡೆಯಬೇಕು. ಬರಿಯ ಪ್ಯಾರಿಟಿ ಬಿಟ್ ಸಾಲದು. ಎರಡು ಬಿಟ್ಟುಗಳು ಒಟ್ಟಿಗೆ ಕೆಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ. ಎಲ್ಲ ಕಟ್ಟುಗಳೂ ತಲುಪಿದವೆಂಬ ಉತ್ತರ ಬರುವವರೆಗೆ ಪೆಟ್ಟಿಗೆ ಹಳೆಯ ದಾಖಲೆಯನ್ನು ಅಳಿಸಬಾರದು.

ಇನ್ನೊಂದು ಅಂಶ: ಪೆಟ್ಟಿಗೆಯ ಎಲ್.ಇ.ಡಿ. ಸೂಸಿದ ಬೆಳಕು ಕಿಟಕಿಯಲ್ಲೇ ಪ್ರತಿಫಲಿಸಿ ಅದರ ರಿಸೀವರಿಗೂ ಬೀಳುತ್ತದೆ. ತನ್ನ ಮಾತಿನ ಮಾರ್ದನಿಯನ್ನೇ ಉತ್ತರವೆಂದು ಭಾವಿಸದಿರಲು, ಮಾತನಾಡುವಾಗ ಕೇಳಿಸಿಕೊಂಡದ್ದನ್ನು ತಿರಸ್ಕರಿಸಬೇಕು. ಮಾತು ಮುಗಿದ ಮೇಲೆ ಕೆಲವು ಮಿಲಿಸೆಕೆಂಡ್ ಬಿಡುವು ಕೊಡಬೇಕು.

ಚಳಿ, ಗಡಿಯಾರ ಮತ್ತು ಕಿಟಕಿ

ಮೈಕ್ರೊಕಂಟ್ರೋಲರಿನ ಒಳಗಿನ ಆರ್.ಸಿ. ಗಡಿಯಾರ ಉಷ್ಣತೆಯೊಂದಿಗೆ ಬದಲಾಗುತ್ತದೆ. ಕೊಠಡಿಯಲ್ಲಿ ಸರಿಯಾಗಿ ಮಾತನಾಡಿದ ಪೆಟ್ಟಿಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ತೊದಲಬಹುದು. ಬೈಟಿನ ಕೊನೆಯ ಬಿಟ್ಟಿನ ಹೊತ್ತಿಗೆ ಎರಡೂ ಕಡೆಯ ಗಡಿಯಾರಗಳ ವ್ಯತ್ಯಾಸ ಅರ್ಧ ಬಿಟ್ಟನ್ನು ಮೀರಿದರೆ ದತ್ತಾಂಶ ಕೆಡುತ್ತದೆ. ಆದುದರಿಂದ ಪ್ರತಿ ಸಂಭಾಷಣೆಗೆ ಮೊದಲು 32.768 ಕಿಲೋಹರ್ಟ್ಸಿನ ಕೈಗಡಿಯಾರದ ಸ್ಫಟಿಕದೊಂದಿಗೆ ಆರ್.ಸಿ. ಗಡಿಯಾರವನ್ನು ತಾಳೆ ನೋಡಿ ಸರಿಪಡಿಸಬೇಕು. ಆ ಸ್ಫಟಿಕವೂ ಚಳಿಯಲ್ಲಿ ನಿಧಾನಿಸುತ್ತದೆ. 25 ಡಿಗ್ರಿಯಲ್ಲಿ ಸರಿಯಿದ್ದದ್ದು ಸೊನ್ನೆಗಿಂತ 20 ಡಿಗ್ರಿ ಕೆಳಗೆ ದಿನಕ್ಕೆ ಸುಮಾರು 6 ಸೆಕೆಂಡ್, ತಿಂಗಳಿಗೆ 3 ನಿಮಿಷ ಹಿಂದೆ ಬೀಳುತ್ತದೆ. ಓದುವಾಗ ಪೆಟ್ಟಿಗೆಯ ಕಾಲವನ್ನೂ ನಿಜವಾದ ಕಾಲವನ್ನೂ ಜೊತೆಯಾಗಿ ಬರೆದಿಟ್ಟರೆ ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸಬಹುದು.

ಬೆಳಕು ಹಾಯುವ ಕಿಟಕಿಯ ಪ್ಲಾಸ್ಟಿಕ್ ಕಣ್ಣಿಗೆ ಕಪ್ಪಾಗಿ ಕಂಡರೂ ಅವಕೆಂಪಿಗೆ ಪಾರದರ್ಶಕವಾಗಿರಬಹುದು. ಇಂಗಾಲದ ಕಪ್ಪು ಬೆರೆಸಿದ ಪ್ಲಾಸ್ಟಿಕ್ಕಾದರೆ ಅದು ಎರಡನ್ನೂ ತಡೆಯುತ್ತದೆ. ಬಣ್ಣ ನೋಡಿ ಕೊಳ್ಳದೆ, ತುಣುಕೊಂದನ್ನು ರಿಮೋಟಿನ ಮುಂದೆ ಹಿಡಿದು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ತಿಳಿಯುತ್ತದೆ. ಹಲವು ಮೊಬೈಲುಗಳ ಹಿಂದಿನ ಕ್ಯಾಮೆರಾದಲ್ಲಿ ಅವಕೆಂಪನ್ನು ತಡೆಯುವ ಶೋಧಕ ಪ್ರಬಲವಾಗಿರುವುದರಿಂದ ಮುಂದಿನ ಕ್ಯಾಮೆರಾದಲ್ಲಿ ನೋಡುವುದು ಮೇಲು. ಕಿಟಕಿಯ ಮೇಲೆ ಹಿಮ ಕಟ್ಟಿದರೆ ಬೆಳಕು ಚದುರುತ್ತದೆ; ಒರೆಸಲು ಅನುಕೂಲವಾಗುವಂತೆ ಕಿಟಕಿ ತಗ್ಗಿನಲ್ಲಿರದೆ ಮೈಮಟ್ಟದಲ್ಲಿರಬೇಕು.

ಓದುವ ಉಪಕರಣ

ಒಂದು ಕಾಲದಲ್ಲಿ ಲ್ಯಾಪ್‌ಟಾಪುಗಳಲ್ಲಿಯೂ ಮೊಬೈಲುಗಳಲ್ಲಿಯೂ ಐ.ಆರ್.ಡಿ.ಎ. ಕಿಟಕಿ ಇರುತ್ತಿತ್ತು. ಬ್ಲೂಟೂತ್ ಬಂದ ಮೇಲೆ ಅದು ಮರೆಯಾಯಿತು. ಕೆಲವು ಮೊಬೈಲುಗಳಲ್ಲಿ ಇಂದಿಗೂ ಇರುವ ಅವಕೆಂಪು ಎಲ್.ಇ.ಡಿ. ರಿಮೋಟಿನಂತೆ ಕಳುಹಿಸುವುದಕ್ಕೆ ಮಾತ್ರ. ಅದರಿಂದ ದತ್ತಾಂಶವನ್ನು ಪಡೆಯಲಾಗದು. ಹೀಗಾಗಿ ಓದುವ ತಲೆಯನ್ನು ತಯಾರಕನೇ ಮಾಡಿಕೊಡಬೇಕಾಗುತ್ತದೆ: ಒಂದು ಐ.ಆರ್.ಡಿ.ಎ. ಘಟಕ, ಗಟ್ಟಿ ಕರೆಗೆ ಒಂದು ಎಲ್.ಇ.ಡಿ., ಒಂದು ಸಣ್ಣ ಮೈಕ್ರೊಕಂಟ್ರೋಲರ್ ಮತ್ತು ಯು.ಎಸ್.ಬಿ. ಕೇಬಲ್. ಪೆಟ್ಟಿಗೆಗಳು ನೂರಿದ್ದರೂ ತಲೆ ಒಂದೇ ಸಾಕು ಎಂಬುದನ್ನು ಬೆಲೆ ಲೆಕ್ಕ ಹಾಕುವಾಗ ನೆನಪಿಡಬೇಕು.

ಖರೀದಿದಾರನು ತನ್ನ ಮೊಬೈಲಿನಲ್ಲೇ ಓದಬೇಕೆಂದು ಪಟ್ಟು ಹಿಡಿದರೆ, ಅಥವಾ ಪೆಟ್ಟಿಗೆಯನ್ನು ಸರಕಿನ ರಾಶಿಯ ಒಳಗಿಟ್ಟು ಹೊರಗಿನಿಂದ ಓದಬೇಕಾದರೆ ಅವಕೆಂಪು ಕೊಂಡಿ ತಕ್ಕದ್ದಲ್ಲ. ರೇಡಿಯೊ ಮಾರ್ಗವನ್ನೇ ಹಿಡಿಯಬೇಕು. ಇದನ್ನು ಆದೇಶ ಒಪ್ಪಿಕೊಳ್ಳುವ ಮೊದಲೇ ಖರೀದಿದಾರನಿಗೆ ತಿಳಿಸುವುದು ಒಳಿತು.

ಮಾರುಕಟ್ಟೆಗೆ ಕಳುಹಿಸುವ ಮೊದಲು

ತಯಾರಕರು ಕನಿಷ್ಠ ಈ ಪರೀಕ್ಷೆಗಳನ್ನು ನಡೆಸಬೇಕು:

1. ನಿದ್ರೆಯ ಪ್ರವಾಹವನ್ನು ಕತ್ತಲಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಮತ್ತು ಬಿಸಿಲಿನಲ್ಲಿ ಬೇರೆ ಬೇರೆಯಾಗಿ ಅಳೆಯುವುದು.
2. ಇದೇ ಅಳತೆಯನ್ನು ಮೊದಲ ಮಾದರಿಯಲ್ಲಷ್ಟೇ ಅಲ್ಲದೆ ತಯಾರಾದ ಪ್ರತಿ ಪೆಟ್ಟಿಗೆಯಲ್ಲೂ ಮಾಡುವುದು. ಸರಿಯಾಗಿ ತೊಳೆಯದ ಬೆಸುಗೆಯ ಕಿಟ್ಟ, ಎಲ್ಲಿಗೂ ಜೋಡಿಸದೆ ತೇಲುವ ಒಂದು ಕಾಲು, ಇವೂ ಮೈಕ್ರೊಆಂಪಿಯರುಗಳನ್ನು ಸೋರಿಸುತ್ತವೆ.
3. ಬಳಸಿ ಅರ್ಧ ಬರಿದಾದ ಸೆಲ್ ಹಾಕಿ, ಪೆಟ್ಟಿಗೆಯನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಅಲ್ಲಿಯೇ ಪೂರ್ತಿ ತಿಂಗಳ ದಾಖಲೆಯನ್ನು ಓದುವುದು.
4. ಓದುವಾಗ ನಡುವೆ ತಲೆಯನ್ನು ಕಿತ್ತು, ಮತ್ತೆ ಇಟ್ಟಾಗ ದಾಖಲೆ ಪೂರ್ತಿ ಬರುವುದೇ ಎಂದು ನೋಡುವುದು.

ಬಾಳಿಕೆಯ ಭರವಸೆ ಕೊಡುವಾಗ 220 ಮಿಲಿಆಂಪಿಯರ್-ಗಂಟೆಯನ್ನು ಪೂರ್ತಿಯಾಗಿ ಎಣಿಸಬಾರದು. ಚಳಿ ಮತ್ತು ಮುಪ್ಪಿಗೆಂದು ಅರ್ಧವನ್ನು ಬಿಟ್ಟು 110 ಎಂದು ಹಿಡಿಯುವುದು ಕ್ಷೇಮ. ಆಗಾಗ ಕಿವಿಗೊಡುವ ಮಾರ್ಗದಲ್ಲಿ ವರ್ಷದ ಖರ್ಚು ಸುಮಾರು 30. ಮೂರು ವರ್ಷದ ಭರವಸೆಯನ್ನು ಧೈರ್ಯವಾಗಿ ಕೊಡಬಹುದು. ರೀಡ್ ಸ್ವಿಚ್ಚಿನ ಮಾರ್ಗದಲ್ಲಿ ಖರ್ಚು 13ರ ಆಸುಪಾಸು. ಅಲ್ಲಿ ಬಾಳಿಕೆಯನ್ನು ನಿರ್ಧರಿಸುವುದು ಕೊಂಡಿಯಲ್ಲ, ಸೆಲ್ಲಿನ ವಯಸ್ಸು.

ಈ ಉಪಕರಣದಲ್ಲಿ ಬಳಸಿದ ಯಾವ ಬಿಡಿಭಾಗವೂ ಅಪರೂಪದ್ದಲ್ಲ, ಯಾವ ಲೆಕ್ಕವೂ ಪ್ರೌಢಶಾಲೆಯ ಗಣಿತವನ್ನು ಮೀರಿದ್ದಲ್ಲ. 23 ದಿನ ಬಾಳುವ ಪೆಟ್ಟಿಗೆಗೂ ಮೂರು ವರ್ಷ ಬಾಳುವ ಪೆಟ್ಟಿಗೆಗೂ ಇರುವ ವ್ಯತ್ಯಾಸ, ಕಾಯುವ ಕೆಲಸಕ್ಕೆ ಎಷ್ಟು ತೆರಬೇಕೆಂದು ಮೊದಲೇ ಕುಳಿತು ಲೆಕ್ಕ ಹಾಕಿದ್ದೊಂದೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ಕಿರು ಉದ್ಯಮಿಗೆ ಚೆನ್ನಾಗಿ ಅನ್ವಯಿಸುತ್ತದೆ. ಶೀತಲಗೃಹದಲ್ಲಿ ಲಕ್ಷಾಂತರ ರೂಪಾಯಿಯ ಸರಕಿನ ಪಕ್ಕದಲ್ಲಿ ಕುಳಿತ ಪೆಟ್ಟಿಗೆ, ಕೇಳಿದ ದಿನ ಉತ್ತರ ಕೊಡುವಂತಿರಬೇಕು.